ಗಟ್ಟಿಮೇಳ ಇಲ್ಲದ ಮುಹೂರ್ತ

ವಾರಿಜ ಕೇಳಿದ್ದು ಒಂದು ವರ್ಷ. ಅವಳಪ್ಪ ಕೊಟ್ಟಿದ್ದು ಪಿಯಾನೋ. ಕೊಡುವಾಗ ಅದೇನು ದೊಡ್ಡ ಮನಸ್ಸು ಮಾಡಿಬಿಟ್ಟೆ ಅಂತ ಅವನ ಮುಖ ಅರಳಿದ್ದು ನೋಡಬೇಕಿತ್ತು.

ಎಂಬತ್ತಮೂರನೇ ಇಸವಿ. ಆರ್.ಟಿ. ನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಜಾಸ್ತಿ. ನರಸಿಂಹಯ್ಯ ಯಶವಂತಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್. ಹೆಂಡತಿ ಚನ್ನಕ್ಕ, ಕೋಗಿಲು ಹಳ್ಳಿಯಿಂದ ಬಂದು ಮಗನ ಜೊತೆ ಇದ್ದ ತಾಯಿ ಅಕ್ಕಯ್ಯಮ್ಮ, ಮಗ ಕೆಂಪರಾಜು, ಮಗಳು ವಾರಿಜ. ಮನೆ ಅಂದರೆ ಇಷ್ಟೇ. ವಾರಿಜ ಹತ್ತಿರದ ಕಾನ್ವೆಂಟಿನಲ್ಲಿ ನರ್ಸರಿ ಮಕ್ಕಳಿಗೆ ಟೀಚರ್. ಶಾಲೆ ಬಿಟ್ಟ ಮೇಲೆ ಅಲ್ಲಿನ ಸಂಗೀತದ ಟೀಚರ್ ಮಿಸ್ ಕ್ರಾಸ್ತಾ ಅವರ ಹತ್ತಿರ ಪಿಯಾನೋ ಕಲಿಯುತ್ತಿದ್ದಳು. ಮುಂದಿನ ವರ್ಷ ದೊಡ್ಡ ಪರೀಕ್ಷೆ. ಅದು ಪಾಸಾದರೆ, ಮಿಸ್ ರಿಟೈರ್ ಆದಾಗ ಆ ಕೆಲಸ ಇವಳಿಗೇ ಅಂತ ಸಿಸ್ಟರುಗಳು ಬಾಯಿಬಿಟ್ಟು ಹೇಳಿದ್ದರು.

ಯುಗಾದಿ ಕಳೆಯುತ್ತಿದ್ದ ಹಾಗೇ ಯಶವಂತಪುರದ ಗಂಡು ಬಂದು ನೋಡಿಕೊಂಡು ಹೋದ. ಹೆಸರು ಜಯದೇವ, ಬ್ಯಾಂಕಿನಲ್ಲಿ ಕೆಲಸ, ಮಾತು ಕಮ್ಮಿ. ಒಪ್ಪಿಗೆ ಅಂತ ಹೇಳಿ ಕಳಿಸಿದರು. ಆವತ್ತು ಊಟಕ್ಕೆ ಕೂತಾಗ ವಾರಿಜ ಮುದ್ದೆ ಮುರಿಯಲೇ ಇಲ್ಲ.

"ಅಪ್ಪ, ಒಂದ್ ವರ್ಷ ತಡೀರಿ. ಪರೀಕ್ಷೆ ಮುಗಿಸ್ಕೊಂಡ್ಬಿಡ್ತೀನಿ. ಆಮೇಲೆ ನೀವು ಯಾರನ್ನ ತೋರಿಸಿದ್ರೂ ಆಗ್ತೀನಿ."

"ಒಂದ್ ವರ್ಷ ಅವ್ರು ಕಾಯ್ತಾರೇನಮ್ಮ? ಬ್ಯಾಂಕ್ ಹುಡುಗ ಅವನು. ನಾಳೆ ಬೆಳಗ್ಗೆ ಇನ್ನೊಬ್ರು ಎತ್ಕೊಂಡ್ ಹೋಗ್ತಾರೆ."

"ಹೋಗ್ಲಿ ಬಿಡಿ."

"ಹೋಗ್ಲಿ ಅಂತೆ. ಬರೋ ವರ್ಷ ನಾನು ರಿಟೈರ್ ಆಗ್ತೀನಿ. ಸರ್ವೀಸಲ್ಲಿದ್ದಾಗ ಮದುವೆ ಮಾಡಿದ್ರೆ ನಾಲ್ಕು ಜನ ಆಫೀಸರ್ಸ್ ಬರ್ತಾರೆ. ಆಮೇಲೆ ಕರೆದ್ರೆ ಯಾರ್ ಬರ್ತಾರೆ? ಕಲಿಯೋದೇನು, ಮದುವೆ ಆದ್ಮೇಲೂ ಕಲೀಬಹುದು."

"ಅವ್ರ ಮನೇಲಿ ಪಿಯಾನೋ ಇದ್ಯಾ?"

"ನಮ್ ಮನೇಲಿ ಇದ್ಯಾ?" ಅಂತ ಕೆಂಪರಾಜು ನಕ್ಕ. ಈ ಹುಡುಗನಿಗೆ ಎಲ್ಲಿ ನಗಬೇಕು ಅಂತ ಯಾವತ್ತೂ ಗೊತ್ತಾಗಲಿಲ್ಲ.

ಆಮೇಲೆ ಹುಡುಗಿ ಸರಿಯಾಗಿ ಉಣ್ಣಲಿಲ್ಲ. ಅತ್ತು ಕರೆದು ಮಾಡಿದ್ದರೆ ನರಸಿಂಹಯ್ಯ ಗದರಿಸಿ ಸುಮ್ಮನಾಗಿಸುತ್ತಿದ್ದ. ಅವಳು ಅದೂ ಮಾಡಲಿಲ್ಲ. ಬೆಳಗ್ಗೆ ಎದ್ದು ನೀರು ಹಿಡಿಯುತ್ತಿದ್ದಳು, ಅಂಗಳ ಗುಡಿಸುತ್ತಿದ್ದಳು, ಟಿಫನ್ ಡಬ್ಬಿ ಹಿಡಿದು ಸ್ಕೂಲಿಗೆ ಹೋಗುತ್ತಿದ್ದಳು. ಅಪ್ಪನಿಗೆ ಅದೇ ತಡೆಯಲಾಗಲಿಲ್ಲ. ಭಾನುವಾರ ಅವಳ ತಲೆ ಸವರಿ ಕೇಳಿದ.

"ಮದುವೆಗೆ ನಿಂಗೇನ್ ಬೇಕು ಹೇಳು. ಕಂಚಿ ಸೀರೆನಾ? ಜುಮುಕಿನಾ?"

"ಕೇಳಿದ್ದು ಕೊಡ್ಲಿಲ್ವಲ್ಲಪ್ಪ."

"ಅದು ಬಿಟ್ಟು ಕೇಳು."

"ಹಂಗಾದ್ರೆ ಮುಹೂರ್ತಕ್ಕೆ ಓಲಗ ಬೇಡ. ಮಿಸ್ ಪಿಯಾನೋ ಬಾರಿಸ್ಲಿ."

"ಅಷ್ಟೇನಾ? ಆಯ್ತು ಬಿಡು," ಅಂದ ನರಸಿಂಹಯ್ಯ. ಎದೆ ಮೇಲಿನ ಕಲ್ಲು ಇಳಿದ ಹಾಗಾಯ್ತು ಅವನಿಗೆ. ಮಗಳು ಮದುವೆಗೆ ಒಪ್ಪಿದಳು ಅಂತಲೇ ಲೆಕ್ಕ ಹಾಕಿಕೊಂಡ. ಅವಳು ಒಪ್ಪಿದ್ದು ಎಲ್ಲಿ? ಅವಳು ಕೇಳುವುದನ್ನು ನಿಲ್ಲಿಸಿದ್ದಳು, ಅಷ್ಟೇ.

ಅಕ್ಕಯ್ಯಮ್ಮನ ಕಿವಿಗೆ ಈ ಸುದ್ದಿ ಬಿದ್ದಿದ್ದು ಹುಣಸೆಹಣ್ಣು ಬಿಡಿಸುವಾಗ. ಮುದುಕಿ ಬೀಜ ಬಡಿಯುವ ಕಲ್ಲು ಕೆಳಗಿಟ್ಟಳು.

"ಓಲಗ ಇಲ್ದೆ ಮದ್ವೆ ಮಾಡ್ತೀಯೇನ್ಲಾ? ಊರ್ನೋರು ಏನಂದಾರು?"

"ಪಿಯಾನೋ ಇರುತ್ತಲ್ಲವ್ವ."

"ಅದ್ಯಾವ್ದೋ ಪೆಟ್ಟಿಗೆ ಟಿಣ್ ಟಿಣ್ ಅಂದ್ರೆ ಆಗೋಯ್ತಾ? ತಾಳಿ ಕಟ್ಟೋವಾಗ ಗಟ್ಟಿಮೇಳ ಯಾಕ್ ಬಾರಿಸ್ತಾರೆ ಗೊತ್ತೇನ್ಲಾ ನಿಂಗೆ? ಒಬ್ಬ ಸೀನ್ತಾನೆ, ಒಬ್ಬ ಕೆಮ್ತಾನೆ, ಇನ್ಯಾರ್ದೋ ಬಾಯಾಗೆ ಬರ್ಬಾರದ್ ಮಾತು ಬಂದ್ಬುಡ್ತದೆ. ಅದ್ಯಾವ್ದೂ ಎಣ್ಣು ಗಂಡಿನ ಕಿವಿಗೆ ಬೀಳ್ಬಾರ್ದು. ಅದುಕ್ಕೇ ಅಷ್ಟು ಜೋರಾಗಿ ಊದೋದು, ಬಡಿಯೋದು."

"ಈ ಕಾಲದಲ್ಲಿ ಯಾರವ್ವ ಅದನ್ನೆಲ್ಲ ನೋಡ್ತಾರೆ?"

"ಕಾಲ ಯಾವ್ದಾದ್ರೇನು, ಸೀನು ಬರಾಕಿಲ್ವಾ?" ಅಂದು ಮುದುಕಿ ಮತ್ತೆ ಕಲ್ಲು ಎತ್ತಿಕೊಂಡಳು. ಆವತ್ತಿನಿಂದ ಅಮ್ಮ ಮಗನ ಮಧ್ಯೆ ದಿನವೂ ಇದೇ ರಾಮಾಯಣ. ಸಾರಿಗೆ ಉಪ್ಪು ಕಮ್ಮಿಯಾದರೂ ಮಾತು ತಿರುಗಿ ಓಲಗಕ್ಕೇ ಬಂದು ನಿಲ್ಲುತ್ತಿತ್ತು.

ನಿಜ ಹೇಳಬೇಕೆಂದರೆ ನರಸಿಂಹಯ್ಯ ಮೊದಮೊದಲು ಪಿಯಾನೋಗೆ ಒಪ್ಪಿದ್ದು ಮಗಳ ಬಾಯಿ ಮುಚ್ಚಿಸೋಕೆ. ಆದರೆ ಗಂಡಿನ ತಾಯಿ ನೀಲಮ್ಮನವರಿಗೆ ವಿಷಯ ತಿಳಿಯಿತು ನೋಡಿ, ಆಮೇಲೆ ಅವನನ್ನು ಹಿಡಿಯೋರೇ ಇಲ್ಲ. ಆಯಮ್ಮ ಸೀರೆ ತೋರಿಸುವ ನೆಪದಲ್ಲಿ ಮನೆಗೇ ಬಂದರು.

"ಪಿಯಾನೋ ಅಂತೆ? ನಮ್ಮ ಕಡೆ ಯಾರ ಮದುವೇಲೂ ಇಲ್ಲ ಬೀಗರೇ. ನಮ್ಮ ಜಯದೇವನ ಮ್ಯಾನೇಜರ್ ಮನೆಯವರಿಗೆಲ್ಲ ಆಗಲೇ ಹೇಳ್ಬಿಟ್ಟಿದ್ದೀನಿ."

ಅಷ್ಟು ಸಾಕಾಯ್ತು. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ನರಸಿಂಹಯ್ಯನದು ಅದೇ ಮಾತು. ಲಗ್ನಪತ್ರಿಕೆಯಲ್ಲಿ ಕೆಳಗೊಂದು ಸಾಲು ಸೇರಿಸಿದ, ಮುಹೂರ್ತ ಕಾಲದಲ್ಲಿ ಪಿಯಾನೋ ವಾದನ ಇರುತ್ತದೆ ಅಂತ. ಮಗಳು ಸಮಾಧಾನಕ್ಕೆ ಅಂತ ಕೇಳಿಕೊಂಡಿದ್ದು ಅಪ್ಪನ ಜಂಬಕ್ಕೆ ಒದಗಿತು.

ಚನ್ನಕ್ಕ ಗಂಡ, ಅತ್ತೆ ಇಬ್ಬರ ಮಧ್ಯೆ ಸಿಕ್ಕಿಹಾಕಿಕೊಂಡು ಒಂದು ದಾರಿ ಹುಡುಕಿದಳು. "ಪಿಯಾನೋ ಇರ್ಲಿ ಕಣ್ರೀ. ತಾಳಿ ಕಟ್ಟೋ ಹೊತ್ತಿಗೆ ಮಾತ್ರ ಓಲಗದವ್ರು ಒಂದ್ ಗಳಿಗೆ ಊದಿ ಹೋಗ್ಲಿ. ಅತ್ತೆಗೂ ಸಮಾಧಾನ." ನರಸಿಂಹಯ್ಯ ಹೂಂ ಅಂದು ಓಲಗದವರಿಗೆ ವೀಳ್ಯ ಕೊಟ್ಟೂ ಬಂದ. ಆದರೆ ನೀಲಮ್ಮನವರು, "ಒಂದ್ ಕಡೆ ಪಿಯಾನೋ, ಇನ್ನೊಂದ್ ಕಡೆ ಡೋಲು, ನೋಡಿದವರು ನಗಲ್ವಾ?" ಅಂದ ಕೂಡಲೇ ಹೋಗಿ ಬೇಡ ಅಂದು ಬಂದುಬಿಟ್ಟ. ಮನೆಯಲ್ಲಿ ಹೇಳಲಿಲ್ಲ. ಹೇಳಿದ್ದರೆ ಅವನವ್ವ ಬಿಡುತ್ತಿದ್ದಳೇ?

ಯಾವ ಸಂಗೀತ ಬಾರಿಸಬೇಕು ಅಂತ ಮಾತಾಡೋಕೆ ಮಿಸ್ ಕ್ರಾಸ್ತಾ ಒಂದು ಭಾನುವಾರ ಮನೆಗೆ ಬಂದರು. ಮಂಗಳೂರಿನ ಕಡೆಯವರು, ಹೆಬ್ಬಾಳದಲ್ಲಿ ಅಕ್ಕನ ಜೊತೆ ಇದ್ದರು. ಮನೆಯಲ್ಲಿ ಒಬ್ಬಟ್ಟು ಮಾಡಿದ್ದರು. ಎಲ್ಲರೂ ಕೂತ ಮೇಲೆ ಶುರುವಾಯ್ತು.

"ಒಂದು ಒಳ್ಳೇ ದೇವರನಾಮ ಬಾರಿಸಿ ಮಿಸ್," ಅಂದ ನರಸಿಂಹಯ್ಯ.

"ದೇವರನಾಮ ಯಾರಿಗ್ ಬೇಕಪ್ಪ? ಸಿನಿಮಾ ಹಾಡು ಬಾರಿಸಿದ್ರೆ ಜನ ಕೂತ್ಕೋತಾರೆ," ಅಂದ ಕೆಂಪರಾಜು.

"ಓಲಗದವ್ರು ಎಂಗೂ ಬತ್ತಾರೆ. ಆದ್ರೂ ಇದ್ರಾಗೆ ಗಟ್ಟಿಮೇಳ ಬತ್ತದೇನವ್ವ?" ಅಂತ ಅಕ್ಕಯ್ಯಮ್ಮ ಬಾಗಿಲ ಹತ್ತಿರದಿಂದಲೇ ಕೇಳಿದಳು.

ಮಿಸ್ ನಕ್ಕರು. "ಜೋರಾಗಿ ಬಾರಿಸ್ಬಹುದು ಅಜ್ಜಿ. ವಾರಿಜ ಹೇಳ್ಲಿ, ಮದುವೆ ಅವಳದ್ದು."

ಎಲ್ಲರೂ ವಾರಿಜಳ ಕಡೆ ನೋಡಿದರು. ಅವಳು ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. "ಪರೀಕ್ಷೆಗೆ ಅಂತ ಕಲಿತಿದ್ನಲ್ಲ ಮಿಸ್, ಆ ನಿಧಾನದ್ದು. ಅದೇ ಬಾರಿಸಿ."

"ಅದು ತುಂಬ ಮೆಲ್ಲಗಿದೆ ಮಗಳೇ. ಮದುವೆಗೆ ಸ್ವಲ್ಪ ಖುಷಿಯಾಗಿರೋದು ಬೇಡ್ವಾ?"

"ಬೇಡ ಮಿಸ್. ನಾನಂತೂ ಬಾರಿಸಲ್ಲ ಇನ್ಮೇಲೆ. ನೀವಾದ್ರೂ ಒಂದ್ಸಲ ಪೂರ್ತಿ ಬಾರಿಸಿ, ಕೇಳಿ ಹೋಗ್ತೀನಿ."

ಮಿಸ್ ಎಲೆಯ ಮೇಲಿದ್ದ ಒಬ್ಬಟ್ಟು ಮುಟ್ಟದೆ ನರಸಿಂಹಯ್ಯನ ಕಡೆ ತಿರುಗಿದರು. "ಇವಳಿಗೆ ಒಂದು ವರ್ಷ ಕೊಡಿ ಸಾರ್. ನನ್ನ ಹತ್ತಿರ ಇಷ್ಟು ಮಕ್ಕಳು ಕಲಿತ್ರು, ಇವಳ ಹಾಗೆ ಕೂತು ಕಲಿತವರು ಕಮ್ಮಿ."

"ಪತ್ರಿಕೆ ಪ್ರಿಂಟ್ ಆಗೋಗಿದೆ ಮಿಸ್," ಅಂದ ನರಸಿಂಹಯ್ಯ. "ಚನ್ನಕ್ಕ, ಮಿಸ್‌ಗೆ ಇನ್ನೊಂದು ಒಬ್ಬಟ್ಟು ಹಾಕು."

ಮಾರನೇ ದಿನ ಅಮ್ಮ ಮಗಳ ತಲೆಗೆ ಹರಳೆಣ್ಣೆ ಹಚ್ಚುತ್ತಿದ್ದಾಗ ವಾರಿಜ ಕೊನೇ ಸಲ ಬಾಯಿಬಿಟ್ಟಳು.

"ನೀನಾದ್ರೂ ಒಂದ್ ಮಾತು ಹೇಳಮ್ಮ ಅಪ್ಪಂಗೆ."

"ಹುಡುಗ ಕೆಟ್ಟೋನಾ ಹೇಳು? ಕುಡಿಯಲ್ಲ, ಸೇದಲ್ಲ."

"ಅವ್ರು ಕೆಟ್ಟೋರು ಅಂತ ನಾನೆಲ್ಲಿ ಅಂದೆ? ಈಗ ಬೇಡ ಅಂದೆ ಅಷ್ಟೇ."

ಚನ್ನಕ್ಕ ಹೇಳಿದಳು, ಇಲ್ಲ ಅನ್ನೋಕಾಗಲ್ಲ. ಗಂಡ ಶರ್ಟ್ ಹಾಕಿಕೊಳ್ಳುತ್ತಿದ್ದಾಗ, ಹಿಂದೆ ನಿಂತು, ಸಣ್ಣ ದನಿಯಲ್ಲಿ. "ಮಗು ಯಾಕೋ ಸಪ್ಪಗಿದೆ ಕಣ್ರೀ."

"ಪಿಯಾನೋ ತರಿಸ್ತಿದ್ದೀನಲ್ಲೇ. ಇನ್ನೇನು ಬೇಕಂತೆ?" ಅಂದು ಅವನು ಫ್ಯಾಕ್ಟರಿ ಬಸ್ಸಿಗೆ ಹೊರಟ. ಚನ್ನಕ್ಕ ಮತ್ತೆ ಹೇಳಲಿಲ್ಲ.

ವೈಶಾಖದಲ್ಲಿ ಮದುವೆ. ಯಶವಂತಪುರದ ಛತ್ರ. ಮಿಸ್ ಅವರ ಸ್ವಂತ ಪಿಯಾನೋವನ್ನು ಹಿಂದಿನ ದಿನ ನರಸಿಂಹಯ್ಯನ ಬೀದಿಯ ಹಬೀಬುಲ್ಲಾ ತನ್ನ ಟೆಂಪೋದಲ್ಲಿ ತಂದ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲರೇ ಬಂದು ಎತ್ತಿದರು. ಬಾಗಿಲಲ್ಲಿ ತಿರುಗಿಸುವಾಗ ಅದು ತಾನೇ ಒಂದು ಸಲ ಗುಂಯ್ ಅಂತು. "ಸಾಬ್, ಒಳಗೆ ಯಾರೋ ಇದ್ದಾರೆ ನೋಡಿ," ಅಂತ ಹಬೀಬುಲ್ಲಾ ತಮಾಷೆ ಮಾಡಿದ. ನರಸಿಂಹಯ್ಯ ಮಂಟಪದ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಅದನ್ನು ಇಡಿಸಿ, ತನ್ನ ಪಂಚೆಯ ತುದಿಯಿಂದಲೇ ಧೂಳು ಒರೆಸಿದ.

ಮುಹೂರ್ತದ ಹೊತ್ತಿಗೆ ಛತ್ರ ತುಂಬಿತ್ತು. ಆಫೀಸರ್ಸ್ ಬಂದಿದ್ದರು, ಮುಂದಿನ ಸಾಲಿನಲ್ಲೇ. ಮಿಸ್ ಕ್ರಾಸ್ತಾ ನೀಲಿ ರೇಷ್ಮೆ ಸೀರೆಯಲ್ಲಿ ಬಂದು ಸ್ಟೂಲಿನ ಮೇಲೆ ಕೂತರು. ಬಾರಿಸೋಕೆ ಶುರು ಮಾಡಿದರು.

ಓಲಗ ಇದ್ದಿದ್ದರೆ ಜನ ತಮ್ಮ ಪಾಡಿಗೆ ತಾವು ಹರಟುತ್ತಿದ್ದರು. ಸೈಟಿನ ರೇಟು, ಮಕ್ಕಳ ಮಾರ್ಕ್ಸು, ಅಡುಗೆಯವನ ಪಾಯಸ. ಇದು ಹೊಸದಲ್ಲವೇ? ಎಲ್ಲರೂ ಬಾಯಿ ಮುಚ್ಚಿಕೊಂಡು ಕೇಳುತ್ತಾ ಕೂತರು. ಚಿಕ್ಕ ಮಕ್ಕಳನ್ನೂ ಶ್ ಅಂತ ಸುಮ್ಮನಾಗಿಸಿದರು. ವಾರಿಜ ಹಸೆಮಣೆಯ ಮೇಲೆ ಕೂತಿದ್ದಳು, ಮಡಿಲಲ್ಲಿ ಬೆರಳುಗಳು ಸಣ್ಣಗೆ ಆಡುತ್ತಿದ್ದವು, ಮಿಸ್ ಬಾರಿಸಿದ ಹಾಗೇ. ಪಕ್ಕದಲ್ಲಿದ್ದ ಜಯದೇವ ಅದನ್ನೇ ನೋಡುತ್ತಿದ್ದ.

ಪುರೋಹಿತರು ತಾಳಿಯನ್ನು ಎಲ್ಲರಿಗೂ ಮುಟ್ಟಿಸಿ ತಂದು ಗಂಡಿನ ಕೈಗೆ ಕೊಟ್ಟರು. ಅಭ್ಯಾಸ ಬಲ, ಬೆರಳೆತ್ತಿ ಕೂಗಿದರು.

"ಗಟ್ಟಿಮೇಳ, ಗಟ್ಟಿಮೇಳ!"

ಓಲಗದವರು ಎಲ್ಲಿ? ಅಕ್ಕಯ್ಯಮ್ಮ ಸುತ್ತ ನೋಡಿದಳು. ಚನ್ನಕ್ಕ ಗಂಡನ ಮುಖ ನೋಡಿದಳು. ಎಲ್ಲೋ ಒಬ್ಬರು ಕಿಸಕ್ಕನೆ ನಕ್ಕು ಸುಮ್ಮನಾದರು. ಪಿಯಾನೋ ಮೆಲ್ಲಗೆ ಹೋಗುತ್ತಿತ್ತು, ಒಂದು ಸ್ವರ, ಆಮೇಲೆ ತಡೆದು ಇನ್ನೊಂದು. ಜಯದೇವ ತಾಳಿ ಹಿಡಿದು ಬಗ್ಗಿದ. ಆಗ ವಾರಿಜ ತಲೆಯೆತ್ತಿ ಅಪ್ಪನನ್ನು ನೋಡಿದಳು.

"ಅಪ್ಪ, ಬೇಡಪ್ಪ."

ಕೂಗಲಿಲ್ಲ ಅವಳು. ಮನೆಯಲ್ಲಿ ಇನ್ನೊಂದು ಸೌಟು ಅನ್ನ ಬೇಡ ಅನ್ನುವಷ್ಟೇ ದನಿ. ಆದರೂ ಆಫೀಸರ್ಸ್ ಕೂತ ಸಾಲಿನವರೆಗೂ ಕೇಳಿಸಿತು. ಜಯದೇವನ ಕೈ ಹಾಗೇ ನಿಂತಿತು. ಅವನೂ ನರಸಿಂಹಯ್ಯನನ್ನೇ ನೋಡಿದ, ಏನು ಮಾಡಲಿ ಅಂತ ಕೇಳುವ ಹಾಗೆ. ಮಿಸ್ ಕ್ರಾಸ್ತಾ ಪಿಯಾನೋದಿಂದ ಕೈ ತೆಗೆದುಬಿಟ್ಟರು.

ಆ ಒಂದು ಗಳಿಗೆ ಎಲ್ಲವೂ ನರಸಿಂಹಯ್ಯನ ಕೈಯಲ್ಲಿತ್ತು. ತಾಳಿ ಇನ್ನೂ ಕಟ್ಟಿರಲಿಲ್ಲ. ಒಂದು ಮಾತು ಆಡಿದ್ದರೆ ಸಾಕಿತ್ತು. ಅವನು ಮೊದಲು ನೀಲಮ್ಮನವರನ್ನು ನೋಡಿದ, ಆಮೇಲೆ ಮುಂದಿನ ಸಾಲನ್ನು ನೋಡಿದ.

"ಬಾರಿಸಿ ಮಿಸ್, ಜೋರಾಗಿ ಬಾರಿಸಿ," ಅಂದ. ಮಿಸ್ ಕದಲಲಿಲ್ಲ. ಅವನು ಎರಡೂ ಕೈ ಮೇಲೆತ್ತಿ ಚಪ್ಪಾಳೆ ತಟ್ಟೋಕೆ ಶುರು ಮಾಡಿದ. "ತಟ್ಟಿ, ಎಲ್ಲಾ ತಟ್ಟಿ. ಕಟ್ಟಪ್ಪ, ಮುಹೂರ್ತ ಮೀರುತ್ತೆ, ಕಟ್ಟು."

ಕೆಂಪರಾಜು ತಟ್ಟಿದ. ನೀಲಮ್ಮನವರು ತಟ್ಟಿದರು. ಆಫೀಸರ್ಸ್ ತಟ್ಟಿದರು. ಚನ್ನಕ್ಕನ ಕೈಯಲ್ಲಿ ಅಕ್ಷತೆಯ ಹಿತ್ತಾಳೆ ತಟ್ಟೆ ಇತ್ತು. ಅವಳು ಅಳುತ್ತಾ, ಏನು ಮಾಡುತ್ತಿದ್ದೇನೆ ಅನ್ನೋ ಎಚ್ಚರವಿಲ್ಲದೆ, ಅಲ್ಲೇ ಇದ್ದ ಹೋಮದ ಸೌಟಿನಿಂದ ಅದನ್ನು ಬಡಿಯತೊಡಗಿದಳು. ಛತ್ರವೆಲ್ಲ ಚಪ್ಪಾಳೆ. ಯಾವ ಓಲಗವೂ ಅಷ್ಟು ಸದ್ದು ಮಾಡುತ್ತಿರಲಿಲ್ಲ. ಆ ಸದ್ದಿನಲ್ಲಿ ಜಯದೇವ ಮೂರು ಗಂಟು ಹಾಕಿದ. ವಾರಿಜ ಮತ್ತೆ ಏನಾದರೂ ಅಂದಳೋ ಇಲ್ಲವೋ, ದೇವರಿಗೇ ಗೊತ್ತು.

ಊಟದ ಪಂಕ್ತಿಯಲ್ಲಿ ಜನ ಪಾಯಸ ಚೆನ್ನಾಗಿದೆ ಅಂದರು, ಪಿಯಾನೋ ಚೆನ್ನಾಗಿತ್ತು ಅಂದರು. ಆ ಮಾತೊಂದನ್ನು ಯಾರೂ ಎತ್ತಲಿಲ್ಲ. ಮಿಸ್ ಕ್ರಾಸ್ತಾ ಊಟಕ್ಕೆ ನಿಲ್ಲದೆ ಆಟೋ ಹಿಡಿದು ಹೋದರು.

ಮಗಳನ್ನು ಕಳಿಸಿದ ಮೇಲೆ ಮನೆಯಲ್ಲಿ ಉಳಿದ ಲಾಡು ಹಂಚೋ ಕೆಲಸ. ನರಸಿಂಹಯ್ಯ ಬುಟ್ಟಿಯ ಮುಂದೆ ಕೂತಿದ್ದ. ತಾಯಿ ಬಂದು ಎದುರಿಗೆ ಕೂತಳು.

"ಓಲಗ ಇದ್ದಿದ್ರೆ ಆ ಮಾತು ಯಾರ್ಗೂ ಕೇಳ್ತಿರ್ಲಿಲ್ಲ ಅನ್ನೋಕೆ ಬಂದ್ಯೇನವ್ವ? ಹೂಂ, ನನ್ನ ತಪ್ಪೇ. ಬೇಡ ಅಂದು ಬಂದಿದ್ದು ನಾನೇ," ಅಂತ ಅವನೇ ಶುರು ಮಾಡಿದ.

"ನಾನ್ ಅದನ್ನ ಏಳಾಕೆ ಬರ್ಲಿಲ್ಲ ಕಣ್ಲಾ."

"ಮತ್ತೇನು?"

"ನಮ್ ಕಾಲ್ದಾಗೆ ಎಷ್ಟ್ ಎಣ್ಮಕ್ಳು ಬ್ಯಾಡ ಅಂದಿದ್ರೋ ಏನೋ. ಓಲಗದಾಗೆ ಮುಚ್ಚೋಗಿರ್ತದೆ. ಅವ್ರಪ್ಪಂದಿರಿಗೆ ಕೇಳ್ನಿಲ್ಲ, ಅವ್ರನ್ನ ಏನ್ ಅನ್ನಾನ? ನಿಂಗೆ ಕೇಳ್ತಲ್ಲಾ. ಕೇಳ್ದ್ ಮ್ಯಾಕೂ ಚಪ್ಪಾಳೆ ತಟ್ಟಿದ್ಯಲ್ಲೋ."

"ಅಷ್ಟ್ ಜನದ ಮುಂದೆ ಏನ್ ಮಾಡ್ಬೇಕಿತ್ತವ್ವ ನಾನು?"

"ಅದನ್ನ ನನ್ನ ಕೇಳ್ಬ್ಯಾಡ," ಅಂದು ಮುದುಕಿ ಎದ್ದು ಹಿತ್ತಲಿಗೆ ಹೋದಳು. ಚನ್ನಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಆವತ್ತಿನಿಂದ ಅವಳು ಗಂಡನ ಹತ್ತಿರ ಬೇಕಾದ್ದಕ್ಕೆ ಮಾತ್ರ ಮಾತಾಡಿದಳು. ಸಕ್ಕರೆ ಮುಗಿದಿದೆ, ಸೀಮೆಎಣ್ಣೆ ಬಂದಿದೆಯಂತೆ, ಅಷ್ಟೇ. ಪಿಯಾನೋ ವಿಷಯ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಮದುವೆಗೆ ಓಲಗ ಬೇಕೋ ಪಿಯಾನೋ ಬೇಕೋ ಅಂತ ಅಷ್ಟು ದಿನ ಕಿತ್ತಾಡಿದವರು, ಮದುವೆಯೇ ಬೇಕೋ ಬೇಡವೋ ಅಂತ ಆ ಹುಡುಗಿಯನ್ನು ಒಂದು ಸಲವೂ ಕೂರಿಸಿಕೊಂಡು ಕೇಳಿರಲಿಲ್ಲ.

ಆಷಾಢಕ್ಕೆ ವಾರಿಜ ತವರಿಗೆ ಬಂದಳು. ಸ್ವಲ್ಪ ಸೊರಗಿದ್ದಳು, ಆದರೆ ಅಳುಮುಖವೇನೂ ಇಲ್ಲ. ಅತ್ತೆ ಮನೆಯ ಸುದ್ದಿ ಹೇಳಿ ಅಜ್ಜಿಯನ್ನು ನಗಿಸಿದಳು. ಮನೆಗೆ ಬಂದವರಿಗೆಲ್ಲ ಅತ್ತೆ ನಮ್ಮ ಸೊಸೆ ಪಿಯಾನೋ ಬಾರಿಸ್ತಾಳೆ ಅಂತಾರಂತೆ, ಎಲ್ಲಿ ಬಾರಿಸಮ್ಮ ಅಂದರೆ ಇವಳು ಕಾಫಿ ತರೋಕೆ ಒಳಗೆ ಹೋಗ್ತಾಳಂತೆ. ಸ್ಕೂಲಿನ ಕೆಲಸ ಬಿಡಿಸಿದ್ದರು. ಆ ಪರೀಕ್ಷೆಗೆ ಮಿಸ್ ಬೇರೆ ಹುಡುಗಿಯನ್ನು ತಯಾರು ಮಾಡುತ್ತಿದ್ದರಂತೆ. ಅದನ್ನೂ ಅವಳೇ ಹೇಳಿದಳು, ಮಾಮೂಲಿ ದನಿಯಲ್ಲೇ.

ನರಸಿಂಹಯ್ಯ ಮಗಳ ಕಣ್ಣು ತಪ್ಪಿಸಿ ಓಡಾಡುತ್ತಿದ್ದ. ಓವರ್‌ಟೈಮ್ ಅನ್ನುತ್ತಿದ್ದ, ಸೊಸೈಟಿ ಮೀಟಿಂಗ್ ಅನ್ನುತ್ತಿದ್ದ. ಭಾನುವಾರ ಮಾತ್ರ ತಪ್ಪಿಸಿಕೊಳ್ಳೋಕಾಗಲಿಲ್ಲ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರು. ಹುರುಳಿಕಾಳಿನ ಸಾರು, ಮುದ್ದೆ. ವಾರಿಜ ಅಪ್ಪನ ಪಕ್ಕದಲ್ಲೇ ಕೂತಳು.

"ಅಪ್ಪ, ಒಂದ್ ಕೇಳ್ಲಾ?"

"ಕೇಳಮ್ಮ."

"ತಾಳಿ ಕಟ್ಟೋವಾಗ ನಾನೇನೋ ಅಂದೆ. ನಿಮಗೆ ಕೇಳಿಸ್ತಾ?"

ಅಕ್ಕಯ್ಯಮ್ಮ ಉಣ್ಣುವುದನ್ನು ನಿಲ್ಲಿಸಿದಳು. ಚನ್ನಕ್ಕ ಸಾರಿನ ಪಾತ್ರೆ ಹಿಡಿದು ಹಾಗೇ ನಿಂತಳು. ಕೆಂಪರಾಜುವೂ ನಗಲಿಲ್ಲ.

"ಇಲ್ಲಮ್ಮ," ಅಂದ ನರಸಿಂಹಯ್ಯ. "ಏನಂದೆ? ನಂಗೇನೂ ಕೇಳಿಸ್ಲಿಲ್ಲ."

ವಾರಿಜ ದೊಡ್ಡದೊಂದು ಉಸಿರು ಬಿಟ್ಟಳು. ಎಷ್ಟೋ ದಿನಗಳಿಂದ ಅದುಮಿಟ್ಟುಕೊಂಡಿದ್ದಿರಬೇಕು. ಅವಳ ಮುಖ ಹಗುರಾಯಿತು.

"ನಂಗೊತ್ತಿತ್ತು ಬಿಡಿ. ನಮ್ಮನೆಯವ್ರು ಮೊದಲ್ನೇ ದಿನವೇ ಕೇಳಿದ್ರು, ನೀನು ಬೇಡ ಅಂದಿದ್ದು ನಿಮ್ಮ ತಂದೆಗೆ ಕೇಳಿಸ್ಲಿಲ್ವಾ ಅಂತ. ನಂಗೆ ಕೇಳಿಸಿ ನಾನು ತಡೆದೆ, ನಿಮ್ಮ ತಂದೆಯೇ ಕಟ್ಟು ಅಂದ್ರಲ್ಲ ಅಂತ ಪಾಪ ಅವ್ರಿಗೂ ಬೇಜಾರು. ನಾನು ಹೇಳ್ದೆ, ಕೇಳಿಸಿರಲ್ಲ ಕಣ್ರೀ, ನಮ್ಮಪ್ಪಂಗೆ ಕೇಳಿಸಿದ್ರೆ ತಾಳಿ ಕಟ್ಟೋಕೆ ಬಿಡ್ತಾನೇ ಇರ್ಲಿಲ್ಲ ಅಂತ."

ನರಸಿಂಹಯ್ಯ ಮುದ್ದೆಯನ್ನು ಸಾರಿನಲ್ಲಿ ಅದ್ದಿ ಹಾಗೇ ಹಿಡಿದುಕೊಂಡ. ಅವನ ತಾಯಿ ಏನಾದರೂ ಅನ್ನುತ್ತಾಳೆ ಅಂತ ಕಾದ. ಮುದುಕಿ ಮೊಮ್ಮಗಳ ಮುಖ ನೋಡಿ, ಬಾಯಿಗೆ ಬಂದಿದ್ದನ್ನು ನುಂಗಿಕೊಂಡಳು. ಚನ್ನಕ್ಕ ಗಂಡನ ತಟ್ಟೆಗೆ ಸಾರು ಹಾಕದೆ ಅಡುಗೆಮನೆಗೆ ಹೋದಳು.

"ಯಾಕಪ್ಪ, ಊಟ ಮಾಡಿ," ಅಂದಳು ವಾರಿಜ. "ಸುಮ್ನೆ ಕೇಳ್ದೆ ಅಷ್ಟೇ. ನಿಮ್ಮ ಮೇಲೆ ನಂಗೇನೂ ಬೇಜಾರಿಲ್ಲ."